"ಕನ್ನಡದಲ್ಲೂ ಬರ್ತಿಲ್ವಲ್ಲ, ಮೇಡಂ"

ವಿದೇಶಕ್ಕೆ ಹೋಗಲು ಬರೆಯುವ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಭಾಗದಲ್ಲಿ ಸೋತು ನನ್ನ ಹತ್ತಿರ ಬರುವ ನರ್ಸ್‌ಗಳು ಈಚೆಗೆ ಜಾಸ್ತಿಯಾಗಿದ್ದಾರೆ. ಎಲ್ಲರದೂ ಒಂದೇ ಮಾತು: "ಇಂಗ್ಲಿಷ್ ಗೊತ್ತು ಮೇಡಂ, ಬಾಯಿಗೆ ಬರಲ್ಲ." ಅವರಲ್ಲಿ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಬದಲಾಯಿಸಿ ಬರೆಯುತ್ತಿದ್ದೇನೆ. ಶಾರದಾ ಅಂತ ಕರೆಯೋಣ.

ಹಾವೇರಿ ಕಡೆಯವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಬೆಂಗಳೂರಿನಲ್ಲಿ ಐಸಿಯು ಕೆಲಸ, ಆರು ವರ್ಷದ ಅನುಭವ. ಐಇಎಲ್‌ಟಿಎಸ್ ಬರೆದು ಬ್ರಿಟನ್ನಿಗೆ ನರ್ಸ್ ಆಗಿ ಹೋಗುವವರಿಗೆ ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ 9ಕ್ಕೆ 7 ಬೇಕು. ಬರೆಯುವುದರಲ್ಲಿ 6.5 ಸಾಕು. ಶಾರದಾಗೆ ಕೇಳುವುದರಲ್ಲಿ 7.5, ಓದುವುದರಲ್ಲಿ 7, ಬರೆಯುವುದರಲ್ಲಿ 6.5. ಮಾತಿನಲ್ಲಿ ಮಾತ್ರ ಎರಡು ಸಲವೂ 6.

ಅವರು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ಒಂದು ಕನ್ನಡ ಪದಕ್ಕೆ ಹತ್ತು ರೂಪಾಯಿ ದಂಡ. ಅಲ್ಲಿ ಕೊಟ್ಟ ಅರವತ್ತು ರೆಡಿ ಉತ್ತರಗಳನ್ನು ಇವರು ಬಾಯಿಪಾಠ ಮಾಡಿದ್ದರು. ಮೊದಲ ಎರಡು ಭೇಟಿಯಲ್ಲಿ ನಾನು ಕೂಡ ಉಸಿರಾಟದ ಅಭ್ಯಾಸ, ಧೈರ್ಯದ ಮಾತು ಅಂತ ಕಳೆದೆ. ಏನೂ ಉಪಯೋಗವಾಗಲಿಲ್ಲ.

ಮೂರನೇ ಸಲ ಒಂದು ಪ್ರಶ್ನೆ ಕೇಳಿದೆ. "ರಾತ್ರಿ ಎರಡು ಗಂಟೆಗೆ ಪೇಷಂಟ್ ಬಿಪಿ ಬಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಯಾವ ಭಾಷೆಯಲ್ಲಿ ಹೇಳ್ತೀರಿ?"

"ಇಂಗ್ಲಿಷ್ ಮೇಡಂ. ಡಾಕ್ಟರು ಕೇರಳದವರು."

"ಆಗ ತಡವರಿಸ್ತೀರಾ?"

"ಇಲ್ಲ. ಅದು ಕೆಲಸ, ಇದು ಪರೀಕ್ಷೆ."

ಹಾಗಾದರೆ ಪರೀಕ್ಷೆಯನ್ನೇ ಕನ್ನಡದಲ್ಲಿ ಮಾಡೋಣ ಅಂದೆ. ಸ್ಪೀಕಿಂಗ್ ಒಟ್ಟು 11ರಿಂದ 14 ನಿಮಿಷ. ಅದರ ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಆಮೇಲೆ ಒಬ್ಬರೇ ಒಂದೆರಡು ನಿಮಿಷ ಮಾತಾಡಬೇಕು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. "ನಿಮಗೆ ಸಹಾಯ ಮಾಡಿದ ಒಬ್ಬರ ಬಗ್ಗೆ ಹೇಳಿ" ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟು ಫೋನಿನಲ್ಲಿ ಟೈಮರ್ ಇಟ್ಟೆ.

"ನನಗೆ ಸಹಾಯ ಮಾಡಿದವರು ನಮ್ಮ ದೊಡ್ಡಮ್ಮ. ನರ್ಸಿಂಗ್ ಫೀಸು ಕಟ್ಟಿದರು. ತುಂಬಾ ಒಳ್ಳೆಯವರು. ಅವರಂದ್ರೆ ನನಗೆ ತುಂಬಾ ಇಷ್ಟ." ನಿಲ್ಲಿಸಿದರು. ಇಪ್ಪತ್ತೆರಡು ಸೆಕೆಂಡು. ಟೈಮರ್ ಓಡುತ್ತಲೇ ಇತ್ತು. ಅದನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು, "ಕನ್ನಡದಲ್ಲೂ ಬರ್ತಿಲ್ವಲ್ಲ, ಮೇಡಂ."

ನಾನು ಟೈಮರ್ ಆಫ್ ಮಾಡಿದೆ. "ಫೀಸಿಗೆ ದುಡ್ಡು ಎಲ್ಲಿಂದ ಬಂತು?"

"ಎಮ್ಮೆ ಮಾರಿದ್ರು." ಸ್ವಲ್ಪ ತಡೆದು, "ಅದನ್ನೆಲ್ಲ ಪರೀಕ್ಷೆಯಲ್ಲಿ ಹೇಳೋದಾ?"

"ನನಗೆ ಹೇಳಿ."

ಆಗ ಅವರ ಭಾಷೆಯೇ ಬದಲಾಯಿತು. ದೊಡ್ಡಮ್ಮ ಹೋಗಿ ದೊಡ್ಡವ್ವ ಆದಳು. "ದೊಡ್ಡವ್ವ ರೊಕ್ಕಾನ ಎಲಿ ಅಡಿಕಿ ಚೀಲದಾಗ ಇಟ್ಕೊಂಡ ಬಂದಿದ್ಲು ಮೇಡಂ. ನೋಟಿಗೆ ಸುಣ್ಣ ಹತ್ತಿತ್ತು. ಕೌಂಟರ್‌ನ್ಯಾಗ ಇದ್ದಾಂವ ಉಗುರಲೆ ಕೆರದು ಕೆರದು ಎಣಿಸಿದ. ನನಗ ನಾಚಿಕಿ ಆತು. ಆಕಿ ಮಾತ್ರ ಸುಮ್ನ ನಕ್ಕೋತ ನಿಂತಿದ್ಲು." ಆ ದಿನ ಅವಳ ಜತೆ ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ ಅನ್ನುವುದು ಈಗಲೂ ಚುಚ್ಚುತ್ತದಂತೆ. ನಾಲ್ಕು ನಿಮಿಷ ಮಾತಾಡಿದರು. ಒಮ್ಮೆಯೂ ತಡವರಿಸಲಿಲ್ಲ.

ಮುಗಿದ ಮೇಲೆ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. "ಇಷ್ಟು ಹೊತ್ತು ನನ್ನ ಮಾತನ್ನ ಯಾರೂ ಕೇಳಿಲ್ಲ ಮೇಡಂ." ಮನೆಯಲ್ಲಿ ಹೆಣ್ಣುಮಕ್ಕಳಿಗೆ ಜಾಸ್ತಿ ಮಾತು ಬೇಡ. ಶಾಲೆಯಲ್ಲಿ ಕೇಳಿದ್ದಕ್ಕೆ ಒಂದು ವಾಕ್ಯದ ಉತ್ತರ. ಡ್ಯೂಟಿಯಲ್ಲಿ ಬರೀ ವರದಿ. ಹೀಗೆ ಬೆಳೆದವರಿಗೆ ದಿಢೀರನೆ ಎರಡು ನಿಮಿಷ ನಿಮ್ಮ ಬಗ್ಗೆ ಹೇಳಿ ಅಂದರೆ ಎಲ್ಲಿಂದ ಹೇಳುತ್ತಾರೆ?

ನಾನು ಕೊಟ್ಟ ಸಲಹೆ ಇದು. ಪರೀಕ್ಷೆಯ ದಿನಾಂಕ ಮುಂದಕ್ಕೆ ಹಾಕಿ. ಆ ಅರವತ್ತು ಉತ್ತರಗಳನ್ನು ಎತ್ತಿಡಿ. ಬಾಯಿಪಾಠ ಒಪ್ಪಿಸಿದರೆ ಪರೀಕ್ಷಕರಿಗೆ ಗೊತ್ತಾಗುತ್ತದೆ, ಅಂಕವೂ ಕಡಿಮೆಯಾಗುತ್ತದೆ. ಹತ್ತು ದಿನ, ದಿನಕ್ಕೊಂದು ಕಾರ್ಡ್, ನಿಮ್ಮ ಊರಿನ ಮಾತಿನಲ್ಲೇ ಫೋನಿಗೆ ರೆಕಾರ್ಡ್ ಮಾಡಿ. ಹನ್ನೊಂದನೇ ದಿನದಿಂದ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿ. ಕನ್ನಡದ ವಾಕ್ಯ ಹುಡುಕಿ ಅನುವಾದ ಮಾಡಬೇಡಿ. ಆ ನೋಟು, ಆ ಸುಣ್ಣ ಕಣ್ಣ ಮುಂದೆ ಇರಲಿ, ಅದನ್ನು ನೋಡುತ್ತಾ ಹೇಳಿ. ತಪ್ಪಾದರೆ ಪ್ರತಿಸಲ ಹಿಂದೆ ಹೋಗಿ ತಿದ್ದಬೇಡಿ.

ಇಂಗ್ಲಿಷ್ ಕಲಿಸುವ ನನ್ನ ಗೆಳತಿ ಇದನ್ನು ಒಪ್ಪಲಿಲ್ಲ. ಇಂಗ್ಲಿಷಿನಲ್ಲೇ ಯೋಚಿಸಬೇಕು, ನೀನು ಹಿಂದಕ್ಕೆ ಕರೆದುಕೊಂಡು ಹೋಗ್ತಿದ್ದೀಯ ಅಂದಳು. ಪದಗಳೇ ಗೊತ್ತಿಲ್ಲದವರ ವಿಷಯದಲ್ಲಿ ಅವಳ ಮಾತು ಸರಿ. ಅವರಿಗೆ ಮೊದಲು ಪಾಠ ಬೇಕು. ಆದರೆ ಶಾರದಾಗೆ ಓದುವುದರಲ್ಲಿ 7 ಬಂದಿದೆ, ಭಾಷೆ ಒಳಗಿದೆ. ಮಾತಿನ ಅಂಕ ನಾಲ್ಕು ಸಮಪಾಲು: ಸರಾಗವಾಗಿ ಒಂದಕ್ಕೊಂದು ಹೊಂದಿಸಿ ಹೇಳುವುದು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಮೊದಲು ಹೇಳುವುದಕ್ಕೆ ಏನಾದರೂ ಇರಬೇಕು, ಅಲ್ವಾ? ಉಚ್ಚಾರಣೆ ಅಂದರೂ ಬ್ರಿಟಿಷರ ಹಾಗೆ ರಾಗ ಎಳೆಯುವುದಲ್ಲ, ಕೇಳುವವರಿಗೆ ಸ್ಪಷ್ಟವಾಗಿ ತಿಳಿಯುವುದು. ಒಂದು ಕನ್ನಡ ಪದಕ್ಕೆ ಹತ್ತು ರೂಪಾಯಿ ಕಟ್ಟಿಸಿಕೊಂಡವರು ಶಾರದಾರಿಂದ ದೊಡ್ಡವ್ವನನ್ನೂ ಎಮ್ಮೆಯನ್ನೂ ಕಿತ್ತುಕೊಂಡಿದ್ದರು ಅಂತಲೇ ನನಗೆ ಅನ್ನಿಸುತ್ತದೆ.

ಅವರ ಪರೀಕ್ಷೆ ಮುಂದಿನ ತಿಂಗಳು. ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಬಸ್ಸಿನಿಂದ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಇಂಗ್ಲಿಷಿನಲ್ಲಿ, ಎರಡು ನಿಮಿಷ ಹತ್ತು ಸೆಕೆಂಡು. ಹಿಂದೆ ಕಂಡಕ್ಟರ್ ಕೂಗು ಕೇಳುತ್ತಿತ್ತು. ನಡುವೆ ಒಂದು ಕಡೆ "ಶಿ ಹ್ಯಾವ್ ಒನ್ ಬಫೆಲೋ" ಅಂದುಬಿಟ್ಟರು. ತಿದ್ದಲು ನಿಲ್ಲಲಿಲ್ಲ. ಮುಂದಿನ ವಾಕ್ಯಕ್ಕೆ ಹೋದರು.