ಡೀಸೆಲ್ ಕ್ಯಾನಿಗೆ ಬೀಗ: ಬೆಲ್ಟ್ ಸಾಕಾ, ಪಟ್ಟಿ ಬೇಕಾ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಪು. ಹೂವಿನ ಕಾಲದಲ್ಲಿ ಔಷಧಿ ಹೊಡೆಯೋಕೆ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ 20 ಲೀಟರಿನ ಎರಡು ಪ್ಲಾಸ್ಟಿಕ್ ಡೀಸೆಲ್ ಕ್ಯಾನ್ ಇಟ್ಟಿರುತ್ತೇವೆ. ರಾತ್ರಿ ಟ್ರೈಲರ್ ತೋಪಿನಲ್ಲೇ ಇರುತ್ತದೆ. ಹಗ್ಗ ಬಿಗಿದಿದ್ದರೂ ಡೀಸೆಲ್ ಕಳುವಾಗುತ್ತಿದೆ. ಲಾರಿಯವರು ಸಾಮಾನು ಬಿಗಿಯುವ ಬೆಲ್ಟಿಗೆ ಬೀಗ ಸೇರಿಸಿ ನಾವೇ ಏನಾದರೂ ಮಾಡಿಕೊಳ್ಳಬಹುದಾ?

ಉತ್ತರ: ಬೆಲ್ಟ್ ಇರೋದು ಕ್ಯಾನ್ ಅಲ್ಲಾಡದ ಹಾಗೆ ಹಿಡಿಯೋಕೆ. ಒಂದು ಕುಡುಗೋಲು ತಾಗಿದರೆ ಮುಗೀತು, ಅಲ್ವಾ? ಅದಕ್ಕೆ ಎಷ್ಟು ದೊಡ್ಡ ಬೀಗ ಹಾಕಿದರೂ ದಂಡ.

ಇನ್ನೊಂದು ವಿಷಯ. ಕ್ಯಾನ್ ಹೋಯಿತು ಅಂತ ನೀವು ಬರೆದಿಲ್ಲ, ಡೀಸೆಲ್ ಹೋಗುತ್ತಿದೆ ಅಂತ ಬರೆದಿದ್ದೀರಿ. 20 ಲೀಟರ್ ಡೀಸೆಲ್ ಅಂದರೆ ಸುಮಾರು 17 ಕೆ.ಜಿ. ಅದನ್ನು ಕಳ್ಳ ಯಾಕೆ ಹೊರುತ್ತಾನೆ? ಮುಚ್ಚಳ ತಿರುಗಿಸಿ ಪೈಪ್ ಇಳಿಬಿಟ್ಟರೆ ಆಯಿತು. ಹಾಗಾಗಿ ಹಿಡಿ ಬಿಗಿಯುವುದಕ್ಕಿಂತ ಮೊದಲು ಮುಚ್ಚಳ ಏಳದ ಹಾಗೆ ಮಾಡಬೇಕು.

ಕಬ್ಬಿಣದ ಆ್ಯಂಗಲ್‌ನಲ್ಲಿ ಎರಡೂ ಕ್ಯಾನ್ ಕೂರುವಷ್ಟು ಚೌಕಟ್ಟು ಮಾಡಿಸಿ. ಮುಚ್ಚಳಗಳು ಒಂದೇ ಸಾಲಿಗೆ ಬರುವ ಹಾಗೆ ಕ್ಯಾನ್ ಜೋಡಿಸಿ, ಆ ಸಾಲಿನ ಎರಡು ತುದಿಗೆ ಎರಡು ಕಂಬ ಕೊಡಿ. ಒಂದು ಕಂಬಕ್ಕೆ ಹಿಂಜಸ್, ಅದರ ಮೇಲೆ 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ. ಇನ್ನೊಂದು ಕಂಬಕ್ಕೆ ಬೀಗ ಹಾಕುವ ಕಿವಿ. ಪಟ್ಟಿ ಮಲಗಿಸಿದಾಗ ಅದಕ್ಕೂ ಮುಚ್ಚಳಕ್ಕೂ ನಡುವೆ ಎರಡು ಮೂರು ಮಿ.ಮೀ. ಸಂದು ಸಾಕು. ಯಾರಾದರೂ ತಿರುಗಿಸಿದರೂ ಮುಚ್ಚಳ ಮೇಲೇಳೋಕೆ ಜಾಗ ಇರುವುದಿಲ್ಲ. ಪಟ್ಟಿ ಮುಚ್ಚಳವನ್ನು ಒತ್ತಿಕೊಂಡೇ ಕೂತರೆ ತೋಪಿನ ದಾರಿಯ ಕುಲುಕಾಟಕ್ಕೆ ಪ್ಲಾಸ್ಟಿಕ್ ಒಡೆಯುತ್ತದೆ. ಪಟ್ಟಿಯ ಅಡಿಭಾಗಕ್ಕೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿ.

ಇಷ್ಟಾದರೂ ಹಿಂಬದಿ ಎತ್ತಿ ಓರೆ ಮಾಡಿ ಕ್ಯಾನ್ ಎಳೆದುಕೊಳ್ಳಬಹುದು. ಅದಕ್ಕೆ 6 ಮಿ.ಮೀ. ಸ್ಟೀಲ್ ಕೇಬಲ್ ತಂದು ಎರಡು ಹಿಡಿಗಳೊಳಗೂ ತೂರಿಸಿ, ಒಂದು ತುದಿ ಚೌಕಟ್ಟಿಗೆ, ಇನ್ನೊಂದು ತುದಿಯ ಕುಣಿಕೆ ಅದೇ ಬೀಗಕ್ಕೆ. ಕುಣಿಕೆಗೆ ಯು-ಕ್ಲಾಂಪ್ ಹಾಕುವಾಗ ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ. ಯು ಭಾಗ ಕೇಬಲ್ಲಿನ ಮೋಟು ತುದಿಯ ಕಡೆ ಬರಬೇಕು, ಭಾರ ಎಳೆಯುವ ಎಳೆಯ ಮೇಲೆ ನಟ್ ಇರುವ ತಳದ ಭಾಗ ಕೂರಬೇಕು. ನಟ್ ಬಿಗಿದ ಮೇಲೆ ಬೋಲ್ಟಿನ ತುದಿಗೆ ಸುತ್ತಿಗೆಯಲ್ಲಿ ಹೊಡೆದು ಮರೆ (ಥ್ರೆಡ್) ಕೆಡಿಸಿಬಿಡಿ, ಸ್ಪ್ಯಾನರ್ ತಂದರೂ ನಟ್ ಸುಲಭಕ್ಕೆ ಬಿಚ್ಚಿ ಬರುವುದಿಲ್ಲ. ಚೌಕಟ್ಟನ್ನು ಟ್ರೈಲರ್ ತಳಕ್ಕೆ ಬಿಗಿದ ಬೋಲ್ಟುಗಳಿಗೂ ಇದೇ ಮಾಡಿ. ಕೇಬಲ್ಲಿಗೆ ಮಾತ್ರ ವೆಲ್ಡಿಂಗ್ ಬೇಡ, ಕಾವಿಗೆ ಎಳೆಗಳು ಶಕ್ತಿ ಕಳೆದುಕೊಳ್ಳುತ್ತವೆ.

ಅಳತೆಗೆ ಬೇಕು ಅಂತ ಕ್ಯಾನನ್ನು ವೆಲ್ಡಿಂಗ್ ಶಾಪಿಗೆ ಒಯ್ಯಬೇಡಿ, ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು ಹೋಗಿ. ಖಾಲಿ ಕ್ಯಾನ್ ತಾನೇ ಅನ್ನಬೇಡಿ. ಖಾಲಿಯಾದದ್ದರಲ್ಲಿ ಆವಿ ಉಳಿದಿರುತ್ತದೆ, ಒಂದು ಕಿಡಿ ಸಾಕು. ಟ್ರೈಲರ್ ಮೇಲೇ ವೆಲ್ಡ್ ಮಾಡಿಸುವುದಾದರೆ ಮೊದಲು ಟ್ರ್ಯಾಕ್ಟರ್ ಬಿಚ್ಚಿ ದೂರ ನಿಲ್ಲಿಸಿ.

ಬೀಗ ಹಿತ್ತಾಳೆಯದಾಗಲಿ. ಔಷಧಿ ಸಿಡಿಯುವ ಜಾಗದಲ್ಲಿ ಕಬ್ಬಿಣದ್ದು ಬೇಗ ತುಕ್ಕು ಹಿಡಿದು ಕೂರುತ್ತದೆ. ಒಂದು ಕೀಲಿ ಡ್ರೈವರ್ ಹತ್ತಿರವೇ ಇರಲಿ, ಬೆಂಕಿ ಗಿಂಕಿ ಅಂದರೆ ಕ್ಯಾನ್ ತಕ್ಷಣ ಇಳಿಸೋಕೆ ಆಗಬೇಕು. ಕಂಠದವರೆಗೆ ತುಂಬಬೇಡಿ, ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 19 ಲೀಟರ್ ಸಾಕು.

ಮೊಳೆಯಲ್ಲಿ ತೂತು ಹೊಡೆಯುವವನನ್ನು ಈ ಪಟ್ಟಿ ತಡೆಯುವುದಿಲ್ಲ, ಪ್ಲಾಸ್ಟಿಕ್ ಕ್ಯಾನಿನ ಹಣೆಬರಹವೇ ಅಷ್ಟು. ಅಂಥವರ ಕಾಟ ಇದ್ದರೆ ತಗಡಿನ ಜೆರ್ರಿಕ್ಯಾನ್ ತಗೊಳ್ಳಿ. ಕಳೆ ಕತ್ತರಿಸುವ ಮಷಿನ್ನಿಗೆ ಪೆಟ್ರೋಲ್ ಇಡುವುದಾದರೆ ಹೇಗೂ ಲೋಹದ ಕ್ಯಾನೇ ಬೇಕು. ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಡಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್, ಒಂದು ಕ್ಯಾನ್ 25 ಲೀಟರ್ ಮೀರುವ ಹಾಗಿಲ್ಲ.