ಮನೆ ಕೆಳಗಿನ ಹೋಟೆಲ್‌ನ ಗದ್ದಲ, ಸಿಗರೇಟ್ ಹೊಗೆ: ಬೆಂಗಳೂರಲ್ಲಿ ನಿಯಮ ಏನಿದೆ?

ಗದ್ದಲದಿಂದ ಶುರು ಮಾಡೋಣ, ನಿದ್ದೆ ಕೆಡಿಸೋದು ಅದೇ ಅಲ್ವಾ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್, ಸ್ಪೀಕರ್ ಹಾಕುವಂತಿಲ್ಲ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 45 ಅಂದರೆ ಮೆಲ್ಲಗೆ ಮಾತಾಡಿದಷ್ಟೇ. ಹಬ್ಬಕ್ಕೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಬಿಡಬಹುದು. ಹೋಟೆಲ್ ಪಾರ್ಟಿ ಹಬ್ಬವಲ್ಲ! ಸದ್ದು ಆಗುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ. ಬೆಳಿಗ್ಗೆ ಹೇಳಿದರೆ ಪ್ರಯೋಜನ ಕಮ್ಮಿ.

ಹೊಗೆ ವಿಷಯ: ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ನಿಷೇಧವಿದೆ. ತಂಬಾಕು ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಬಂದಮೇಲೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. 30 ಅಥವಾ ಹೆಚ್ಚು ಸೀಟಿನ ಹೋಟೆಲ್ ಮಾತ್ರ ಬೇರೆ ಸ್ಮೋಕಿಂಗ್ ಜಾಗ ಇಡಬಹುದು. ನಾಲ್ಕು ಟೇಬಲ್ಲಿನ ದರ್ಶಿನಿಗೆ ಆ ಅವಕಾಶವಿಲ್ಲ.

ಅಡುಗೆಮನೆ ಗಲೀಜಾಗಿದ್ದರೆ ಕ್ಯಾಷ್ ಕೌಂಟರ್ ಹಿಂದಿನ ಗೋಡೆ ನೋಡಿ. ದೇವರ ಫೋಟೋ ಪಕ್ಕದಲ್ಲೇ ಇರುತ್ತೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ಪತ್ರ. ಅದರ 14 ಅಂಕಿಯ ನಂಬರ್ ಫೋಟೋ ತೆಗೆದುಕೊಂಡು, ಆ ಸಂಸ್ಥೆಯದೇ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಿ.