ಹಳೆಯ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರ ದೋಣಿ) ಕೊಳ್ಳುವಾಗ ಡೀಸೆಲ್ ಎಂಜಿನ್ ಪರೀಕ್ಷಿಸುವುದು ಹೇಗೆ?

ಇಪ್ಪತ್ತು ವರ್ಷದ ಯಾಟ್‌ನ ಎಂಜಿನ್ ಬರೀ 400 ಗಂಟೆ ಓಡಿದೆ ಎಂದರೆ ಹಿಗ್ಗಬೇಡಿ. ಓಡದೆ ನಿಂತ ಎಂಜಿನ್ನನ್ನು ತುಕ್ಕು ಒಳಗಿಂದಲೇ ತಿಂದಿರುವ ಸಾಧ್ಯತೆ ಹೆಚ್ಚು. ಚೆನ್ನಾಗಿ ನೋಡಿಕೊಂಡ 2,000 ಗಂಟೆಯ ಎಂಜಿನ್ನೇ ನನಗೆ ಮೇಲು.

ನೋಡಲು ಹೋದಾಗ ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಯಾರೋ ಚಾಲೂ ಮಾಡಿದ್ದಾರೆ (ಏಕೆಂದು ಕೇಳಿ). ತಣ್ಣಗಿದ್ದಾಗ ಹೇಗೆ ಚಾಲೂ ಆಗುತ್ತದೆ ಎಂಬುದೇ ಮುಖ್ಯ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಅನುಮಾನಿಸಿ.

ಬಳಿಕ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಡಿ. ತಯಾರಕರು ಹೇಳಿದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮುಟ್ಟದಿದ್ದರೆ ಪ್ರೊಪೆಲರ್ ಹೊಂದಿಕೆಯಾಗಿಲ್ಲ, ಯಾಟ್‌ನ ತಳ ಪಾಚಿಗಟ್ಟಿದೆ, ಇಲ್ಲವೇ ಎಂಜಿನ್ನೇ ಸೋತಿದೆ. ಬಿಡಿಭಾಗ ಸಿಗದ ಮಾದರಿಯಾದರೆ ಎಷ್ಟೇ ಅಗ್ಗವಾದರೂ ಬೇಡ.